ಬಲೆಗುಂಡಿನ ಮೇಲಿನ ಉಗುರು

ಗುಲ್ವಾಡಿ
9 ಜುಲೈ 2024

ಸುಧಾಕರ,

ಮೂವತ್ತೊಂದು ವರ್ಷವಾದ ಮೇಲೆ ನಿನಗೆ ಕಾಗದ ಬರೆಯಲು ಕುಳಿತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದೆ ಕೂಡ, ನಾಲ್ಕು ಸಲ. ಮೂರು ಸಲ ನೀನು ಎತ್ತಲಿಲ್ಲ. ನಾಲ್ಕನೆಯ ಸಲ ‘ಸೆಮಿನಾರಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ’ ಎಂದೆ. ಆ ಸೆಮಿನಾರು ಮುಗಿದಂತೆ ಕಾಣುವುದಿಲ್ಲ. ಅಲ್ಲದೆ ಫೋನಿನಲ್ಲಿ ನೀನು ಮಾತಿಗೆ ಮಾತು ಪೋಣಿಸಿ ನನ್ನನ್ನು ಬೇರೆಲ್ಲಿಗೋ ಎಳೆದುಕೊಂಡು ಹೋಗುತ್ತೀಯ. ಕುಂದಾಪುರದ ಕಾಲೇಜಿನಲ್ಲಿ ಓದುವಾಗಲೂ ನಿನ್ನದು ಅದೇ ಬುದ್ಧಿ. ಕಾಗದವಾದರೆ ನನ್ನ ಮಾತು ನಾನು ಇಟ್ಟಲ್ಲೇ ಇರುತ್ತದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಮುಂದೆ ‘ಗೊತ್ತಿರಲಿಲ್ಲ’ ಎನ್ನಬಾರದಲ್ಲ, ಅದಕ್ಕೆ.

ನನ್ನ ತಮ್ಮ ಜಿತೇಂದ್ರನ ಮಗಳು ಮೋಕ್ಷಿತಾ ನಾಲ್ಕೂವರೆ ವರ್ಷದಿಂದ ನಿನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. 1990ರಲ್ಲಿ ನೀನು ನಮ್ಮ ಮನೆಯ ಹಿಂದಿನ ಹೊಳೆದಂಡೆಯಲ್ಲಿ ಅಗೆದು ನಲವತ್ತೆರಡು ಸುಟ್ಟ ಮಣ್ಣಿನ ಗುಂಡುಗಳನ್ನು ತೆಗೆದೆಯಲ್ಲ, ಬಲೆಗೆ ಕಟ್ಟುವವು, ಅವುಗಳಲ್ಲಿ ಒಂಬತ್ತನ್ನು ಅವಳು ಪರೀಕ್ಷೆಗೆ ಕಳಿಸಿದಳು. ಮಣ್ಣು ಕೊನೆಗೆ ಬೆಂಕಿ ಕಂಡು ಎಷ್ಟು ವರ್ಷವಾಯಿತೆಂದು ಹೇಳುವ ಪರೀಕ್ಷೆಯಂತೆ. ಒಂಬತ್ತಕ್ಕೂ ಒಂದೇ ಉತ್ತರ ಬಂದಿದೆ. ಐವತ್ತು ವರ್ಷ, ಹೆಚ್ಚೆಂದರೆ ಅರವತ್ತು. ನಿನ್ನ ಪುಸ್ತಕದಲ್ಲಿ ಅವಕ್ಕೆ ಸಾವಿರದ ಎಂಟುನೂರು ವರ್ಷ. ಆ ಗುಂಡುಗಳನ್ನು ನಂಬಿಯೇ ನೀನು ಇಲ್ಲೊಂದು ಪ್ರಾಚೀನ ಬಂದರು ಕಟ್ಟಿಸಿದೆ, ಹಡಗು ತರಿಸಿದೆ, ವ್ಯಾಪಾರಿಗಳನ್ನು ಇಳಿಸಿದೆ, ಡಾಕ್ಟರೇಟ್ ಪಡೆದು ಪ್ರೊಫೆಸರಾದೆ. ಈಗ ಆ ಹುಡುಗಿಗೆ ‘ಆ ಅಧ್ಯಾಯ ಕಿತ್ತುಹಾಕು, ಇಲ್ಲದಿದ್ದರೆ ಸಹಿ ಇಲ್ಲ’ ಎನ್ನುತ್ತಿದ್ದೀಯಂತೆ. ಡಿಸೆಂಬರಿಗೆ ಅವಳ ಅವಧಿ ಮುಗಿಯುತ್ತದೆ.

ನಿನ್ನ ಪುಸ್ತಕದ ಹದಿನಾಲ್ಕನೆಯ ಚಿತ್ರ ನೆನಪಿದೆಯೆ? ಅದರ ಕೆಳಗೆ ‘ಅರ್ಧಚಂದ್ರಾಕಾರದ ಮೂರು ಗೆರೆಗಳ ಅಲಂಕಾರ, ಬಹುಶಃ ಕುಂಬಾರ ಶ್ರೇಣಿಯ ಮುದ್ರೆ’ ಎಂದು ಬರೆದಿದ್ದೀಯ. ಅದು ನನ್ನ ಉಗುರು ಸುಧಾಕರ. ನನಗೆ ಏಳು ವರ್ಷ. ಅಪ್ಪಯ್ಯ ಬೀಸುಬಲೆಗೆಂದು ಹೊಳೆಮಣ್ಣು ಕಲಸಿ, ಉಂಡೆ ಕಟ್ಟಿ, ಕಡ್ಡಿಯಿಂದ ತೂತು ಮಾಡಿ ಜಗಲಿಯಲ್ಲಿ ಸಾಲಾಗಿ ಒಣಗಲಿಟ್ಟಿದ್ದರು. ನಾನು ಹೋಗಿ ಎರಡು ಗುಂಡುಗಳಿಗೆ ಉಗುರು ಒತ್ತಿದೆ. ಬೈಗುಳ ಬೀಳುತ್ತದೆಂದು ಅಮ್ಮನ ಹಿಂದೆ ಅಡಗಿದರೆ ಅಪ್ಪಯ್ಯ ನಕ್ಕು, ‘ಇರ್ಲಿ ಬಿಡ್, ಬಲೆಯೊಳ್ಗ್ ನಿಂದೂ ಒಂದ್ ಕೈ ಇದ್ದಂಗ್ ಆಯ್ತ್’ ಎಂದರು. ಎರಡು ವರ್ಷದ ಮೇಲೆ ಅಪ್ಪಯ್ಯ ಹೋದರು. ಅಮ್ಮ ಆ ಬಲೆಯ ಗುಂಡುಗಳನ್ನೆಲ್ಲ ಕತ್ತರಿಸಿ ತೆಗೆದು ದಂಡೆಯಲ್ಲಿ ಎಲ್ಲೋ ಹೂತಳು. ನನ್ನ ಉಗುರಿದ್ದ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡಳು. ಅದು ಈಗಲೂ ಅವಳ ಎಲೆ ಸಂಚಿಯಲ್ಲಿದೆ.

ನೀನು ಅಗೆಯುವಾಗ ನಾನು ಬೈಂದೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಅಮ್ಮನನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಗುದ್ದಲಿ, ಬುಟ್ಟಿ ಇಟ್ಟುಕೊಳ್ಳಲಿಕ್ಕೆಂದು ಮನೆಯ ಬೀಗದ ಕೈ ಕೊಟ್ಟವಳೂ ನಾನೇ. ಪುಸ್ತಕ ಬಂದು ಚಿತ್ರ ನೋಡಿದ ದಿನವೇ ನಿನಗೆ ಉಗುರಿನ ವಿಷಯ ಬರೆದೆ. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ‘ಬಾಲ್ಯದ ನೆನಪು ಪುರಾವೆಯಲ್ಲ.’ ಅದಾಗಿ ನಾಲ್ಕು ತಿಂಗಳಿಗೆ ಜಿತೇಂದ್ರನಿಗೆ ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸವಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಈಗ ಕೇಳುವುದು ಇಷ್ಟೇ. ಹುಡುಗಿಯ ಉತ್ತರ ಸರಿಯಿದೆ. ಸಹಿ ಮಾಡು. ನಿನ್ನ ಬಂದರು ಮುಳುಗಿದರೆ ಮುಳುಗಲಿ, ಬರುವ ವರ್ಷ ನಿವೃತ್ತನಾಗುವವನಿಗೆ ಅದರಿಂದ ಏನು ಹೋಗಬೇಕಾಗಿದೆ? ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಇಂತಿ
ಸುಗುಣ

ವಿಶ್ವವಿದ್ಯಾಲಯ ವಸತಿಗೃಹ
2 ಆಗಸ್ಟ್ 2024

ಪ್ರಿಯ ಸುಗುಣಾ,

ನಿನ್ನ ಅಕ್ಷರ ಕಂಡು ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ. ಅದೇ ದುಂಡನೆಯ ಅಕ್ಷರ. ಹಟ್ಟಿಯಂಗಡಿಯಿಂದ ಸೈಕಲ್ ತುಳಿದುಕೊಂಡು ನಿಮ್ಮ ಮನೆಗೆ ಬರುತ್ತಿದ್ದ ದಿನಗಳು, ನಿಮ್ಮ ಅಮ್ಮ ರತ್ನಮ್ಮನವರ ಕೈಯ ಬಂಗುಡೆ ಸಾರು, ಹೊಳೆಯ ಗಾಳಿ, ಎಲ್ಲ ಒಮ್ಮೆಲೇ ನೆನಪಾದವು. ವಯಸ್ಸಾಯಿತು ನೋಡು. ಇತ್ತೀಚೆಗೆ ಹಳೆಯದೇ ಹೆಚ್ಚು ಹತ್ತಿರವೆನಿಸುತ್ತದೆ.

ನೀನು ಬರೆದ ವಿಷಯದಲ್ಲಿ ನೋವು ಇದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಶಾಸ್ತ್ರದ ದಾರಿ ಬೇರೆ. ಆ ವಸ್ತುಗಳು ಮೂವತ್ತು ವರ್ಷ ತಗಡಿನ ಮಾಡಿನ ಉಗ್ರಾಣದಲ್ಲಿದ್ದವು. ಬಿಸಿಲಿನ ಕಾವು ತಗುಲಿರಬಹುದು, ಯಾರಾದರೂ ಒಣಗಿಸಲೆಂದು ಒಲೆಯ ಹತ್ತಿರ ಇಟ್ಟಿರಬಹುದು. ಹೀಗಾದಾಗ ಪರೀಕ್ಷೆಯ ಉತ್ತರ ದಾರಿ ತಪ್ಪುತ್ತದೆ. ಮೋಕ್ಷಿತಾ ಚುರುಕಿನ ಹುಡುಗಿ, ಆದರೆ ಆತುರ ಜಾಸ್ತಿ. ಅವಳ ಒಳ್ಳೆಯದಕ್ಕೇ ನಾನು ತಡೆದದ್ದು.

ಆದರೂ ನಾನು ಕಿವಿ ಮುಚ್ಚಿಕೊಂಡವನಲ್ಲ. ನೀನು ಹೇಳುತ್ತಿರುವುದಕ್ಕೆ ಆಧಾರ ಸಿಕ್ಕಿದರೆ ಖಂಡಿತ ಮರುಯೋಚನೆ ಮಾಡುತ್ತೇನೆ. ಅದಕ್ಕೆಂದೇ ಈ ಕಾಗದದ ಹಿಂದೆ ಒಂಬತ್ತು ಪ್ರಶ್ನೆ ಬರೆದಿದ್ದೇನೆ. ಅಮ್ಮನವರನ್ನು ಕೇಳಿ, ಆದಷ್ಟು ಅವರ ಮಾತಿನಲ್ಲೇ ಉತ್ತರಿಸು. ಆ ಎಲೆ ಸಂಚಿಯಲ್ಲಿರುವ ಗುಂಡಿನ ಒಂದು ಫೋಟೋ ಕೂಡ ಕಳಿಸಲು ಸಾಧ್ಯವೆ?

ಎಂದಿನ ವಿಶ್ವಾಸದ
ಸುಧಾಕರ

ಗುಲ್ವಾಡಿ
25 ಆಗಸ್ಟ್ 2024

ಸುಧಾಕರ,

ಒಂಬತ್ತೂ ಗುಂಡುಗಳು ಒಟ್ಟಿಗೇ ಒಲೆಯ ಬಳಿ ಹೋಗಿ ಕುಳಿತವೋ? ಚಳಿಯಾಗಿತ್ತೇನೋ ಪಾಪ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಹೋಂವರ್ಕ್ ಮಾಡದವರು ಇದಕ್ಕಿಂತ ಒಳ್ಳೆಯ ನೆಪ ಹೇಳುತ್ತಿದ್ದರು.

ಆದರೂ ಉತ್ತರ ಬರೆಯುತ್ತಿದ್ದೇನೆ. ನಿನಗಾಗಿ ಅಲ್ಲ. ಮೊನ್ನೆ ಮೋಕ್ಷಿತಾ ಬಂದಿದ್ದಳು. ಊಟಕ್ಕೆ ಕುಳಿತವಳು ತುತ್ತು ಹಿಡಿದುಕೊಂಡೇ ಕೇಳಿದಳು: ‘ಅತ್ತೆ, ನಾನ್ ತಪ್ ಮಾಡಿದ್ದಾರೂ ಎಂತ? ಉತ್ರ ಸರಿ ಬಂದದ್ದೇ ತಪ್ಪಾ?’ ನನಗೆ ಅವಳ ಮುಖ ನೋಡಲಾಗಲಿಲ್ಲ. ಮೂವತ್ತು ವರ್ಷದ ಹಿಂದೆ ನಾನು ಬಾಯಿ ಬಿಟ್ಟಿದ್ದರೆ ಈ ಹುಡುಗಿ ನಿನ್ನ ಸುಳ್ಳಿನ ಮೇಲೆ ನಾಲ್ಕೂವರೆ ವರ್ಷ ಸುರಿಯಬೇಕಾಗಿರಲಿಲ್ಲ.

ಮಣ್ಣು ಎಲ್ಲಿಯದೆಂದು ಕೇಳಿದ್ದೀಯ. ನಮ್ಮ ದೋಣಿಕಡವಿನ ಪಕ್ಕದ ಜೇಡಿಮಣ್ಣು, ನೀನು ಸೈಕಲ್ ತೊಳೆಯುತ್ತಿದ್ದೆಯಲ್ಲ, ಅದೇ ಜಾಗ. ಹೇಗೆ ಸುಟ್ಟರೆಂದರೆ ಗುಂಡಿ ತೋಡಿ, ತೆಂಗಿನ ಗೆರಟೆ ಹರಡಿ, ಮೇಲೆ ಭತ್ತದ ಹೊಟ್ಟು ಸುರಿದು ಒಂದು ಹಗಲು ಒಂದು ರಾತ್ರಿ ಬೇಯಲು ಬಿಡುವುದು. ಎಷ್ಟು ಗುಂಡುಗಳೆಂದರೆ ನಲವತ್ತಮೂರು. ನೀನು ತೆಗೆದದ್ದು ನಲವತ್ತೆರಡು, ಅಮ್ಮನ ಹತ್ತಿರ ಒಂದು. ಲೆಕ್ಕ ಸರಿಯಾಯಿತಲ್ಲ.

ಎಷ್ಟು ಆಳದಲ್ಲಿ ಹೂತಿದ್ದೆಂದು ಅಮ್ಮನನ್ನು ಕೇಳಿದೆ. ಕೈಯನ್ನು ಸೊಂಟದವರೆಗೆ ಎತ್ತಿ ತೋರಿಸಿ, ‘ನಂಗ್ ಇಲ್ಲಿ ತನ್ಕ. ಕೈಯಲ್ಲೇ ಬಗ್ದೆ, ಉಗ್ರೆಲ್ಲ ಕಿತ್ ಹೋಯಿತ್’ ಎಂದಳು. ಆ ಆಳದಲ್ಲಿ ಹಳೆಯ ಮಡಕೆಯ ಚೂರುಗಳಿದ್ದವೆಂದು ನೀನು ಬರೆದಿದ್ದೀಯ. ಇದ್ದಿರಬಹುದು. ಅವು ನಿಜಕ್ಕೂ ಹಳೆಯವೇ ಇರಬಹುದು. ಅಮ್ಮ ಅಗೆಯುವಾಗ ಅವುಗಳ ವಯಸ್ಸು ನೋಡಿ ಅಗೆದಿರಲಿಲ್ಲ. ಪ್ರತಿ ಮಳೆಗಾಲದಲ್ಲಿ ಹೊಳೆ ಉಕ್ಕಿ ಮೇಲೆ ಹೊಸ ಮಣ್ಣು ಹಾಸಿಕೊಂಡು ಹೋಗುತ್ತದೆ. ಹದಿನೆಂಟು ಮಳೆಗಾಲದಲ್ಲಿ ಗುಂಡಿಯ ಬಾಯಿ ಕಾಣದ ಹಾಗೆ ಮುಚ್ಚಿತು. ನೀನು ಊರಿನ ಒಬ್ಬರನ್ನು ಕೇಳಿದ್ದರೂ ಸಾಕಿತ್ತು, ಇಲ್ಲಿ ಮನೆಗಳಿದ್ದವೇ, ಯಾರಾದರೂ ಏನಾದರೂ ಹೂತಿದ್ದರೇ ಎಂದು. ನೀನು ಮಣ್ಣನ್ನು ಮಾತ್ರ ಕೇಳಿದೆ.

ಆರನೆಯ ಪ್ರಶ್ನೆ: ‘ಈ ಪದ್ಧತಿ ನಿಮ್ಮ ಸಮುದಾಯದಲ್ಲಿ ಎಲ್ಲೆಲ್ಲಿ ಇದೆ?’ ಎಲ್ಲಿಯೂ ಇಲ್ಲ. ನಾನು ಮರವಂತೆಯಲ್ಲಿ ಕಂಡಿಲ್ಲ, ಗಂಗೊಳ್ಳಿಯಲ್ಲಿ ಕೇಳಿಲ್ಲ. ಇದು ಪದ್ಧತಿಯಲ್ಲ, ಅಮ್ಮ ಒಬ್ಬಳೇ ಮಾಡಿದ್ದು. ಇದನ್ನು ಎರಡು ಸಲ ಓದು.

ಏಳನೆಯ ಪ್ರಶ್ನೆ ‘ಏಕೆ ಹೂತರು?’ ಅದಕ್ಕೆ ಉತ್ತರ ಬರೆಯುವುದಿಲ್ಲ. ಅದು ನಿನಗೆ ಬೇಕಾದ ವಿಷಯವಲ್ಲ.

ಫೋಟೋ ಇಟ್ಟಿದ್ದೇನೆ. ಅಮ್ಮನಿಗೆ ಈಗ ಎರಡೂ ಕಣ್ಣು ಕಾಣುವುದಿಲ್ಲ. ಸಂಜೆ ಎಲೆ ಹಾಕಿಕೊಳ್ಳುವಾಗ ಸಂಚಿಯಿಂದ ಆ ಗುಂಡನ್ನು ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡು ಕುಳಿತಿರುತ್ತಾಳೆ. ಆಗ ನಾವು ಯಾರೂ ಮಾತನಾಡಿಸುವುದಿಲ್ಲ.

ಇಂತಿ
ಸುಗುಣ

ವಿಶ್ವವಿದ್ಯಾಲಯ ವಸತಿಗೃಹ
14 ಅಕ್ಟೋಬರ್ 2024

ಪ್ರಿಯ ಸುಗುಣಾ,

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೊನೆಗೂ ಒಪ್ಪಿಕೊಳ್ಳುತ್ತಿದ್ದೇನೆ. ನನ್ನಿಂದ ತಪ್ಪಾಗಿದೆ. ಇದನ್ನು ಬರೆದ ಮೇಲೆ ಮನಸ್ಸು ಹಗುರಾಗಿದೆ. ಮೂವತ್ತೊಂದು ವರ್ಷದ ಹಿಂದೆ ಆ ಒಂದು ಸಾಲು ಬರೆದವನು ಹೆದರಿದ್ದ ಹುಡುಗ. ಥೀಸಿಸ್ ಆಗಷ್ಟೇ ಒಪ್ಪಿಗೆಯಾಗಿತ್ತು, ಕೆಲಸ ಖಾಯಂ ಆಗಿರಲಿಲ್ಲ. ಅವನನ್ನು ಕ್ಷಮಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ.

ಮೋಕ್ಷಿತಾಳಿಗೆ ಸಹಿ ಮಾಡುತ್ತೇನೆ. ಆದರೆ ಪರೀಕ್ಷಕರು ಬರೀ ಪ್ರಯೋಗಾಲಯದ ಅಂಕಿಯನ್ನು ಒಪ್ಪುವುದಿಲ್ಲ, ಹಿಂದೆ ನಾನೇ ಅದನ್ನು ವಿರೋಧಿಸಿ ಬರೆದಿದ್ದೇನಲ್ಲ. ಮನೆಯಲ್ಲೇ ಉಳಿದ ಗುಂಡು, ನೆಲದಿಂದ ತೆಗೆದ ಗುಂಡು, ಎರಡರ ಮೇಲೂ ಒಂದೇ ಮಗುವಿನ ಉಗುರು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟರೆ ಯಾರೂ ತುಟಿ ಬಿಚ್ಚಲಾರರು. ಫೋಟೋದಿಂದ ಇದು ಆಗದು, ಅಳತೆ ತೆಗೆಯಬೇಕು. ಆ ಗುಂಡನ್ನು ಹದಿನೈದು ದಿನಕ್ಕೆ ಕಳಿಸಿಕೊಡು.

ನಾನೇ ನನ್ನ ಕೈಯಾರೆ ತಂದು ಅಮ್ಮನವರ ಕೈಯಲ್ಲಿ ಇಡುತ್ತೇನೆ. ಬಂಗುಡೆ ಸಾರು ಉಂಡೇ ಹೋಗುತ್ತೇನೆ, ಇದು ಮಾತು.

ನಿನ್ನ
ಸುಧಾಕರ

ಗುಲ್ವಾಡಿ
28 ಅಕ್ಟೋಬರ್ 2024

ಸುಧಾಕರ,

ಕಳಿಸಿದ್ದೇನೆ. ಇವತ್ತು ಕುಂದಾಪುರಕ್ಕೆ ಹೋಗಿ ರಿಜಿಸ್ಟರ್ ಮಾಡಿ ಬಂದೆ. ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹತ್ತಿ ತುರುಕಿ, ಬಿಸ್ಕಿಟ್ ಡಬ್ಬಿಯಲ್ಲಿಟ್ಟಿದ್ದೇನೆ. ಒಡೆಯಬಾರದು.

ಕಳಿಸಲೇಬಾರದೆಂದು ಎರಡು ವಾರ ಕುಳಿತಿದ್ದೆ. ನಿನ್ನ ಕಾಗದ ಓದಿ ಮೋಕ್ಷಿತಾ ಅತ್ತಳು. ನಾನು ಅವಳ ಅಳುವನ್ನು ನಂಬಿದೆ, ನಿನ್ನ ಕಾಗದವನ್ನಲ್ಲ. ಸುಳ್ಳೇಕೆ, ನಿನ್ನನ್ನೂ ಸ್ವಲ್ಪ ನಂಬಿದೆ. ಒಂದು ಕಾಲಕ್ಕೆ ನಾನು ನಿನ್ನನ್ನು ನಂಬಿದ್ದು ಬರೀ ಬೀಗದ ಕೈಯ ವಿಷಯಕ್ಕಲ್ಲ. ಅದು ನಿನಗೂ ಗೊತ್ತಿತ್ತು. ಆ ಮಾತು ಇಲ್ಲಿಗೆ ಸಾಕು.

ಅಮ್ಮನಿಗೆ ಸುಳ್ಳು ಹೇಳಿದೆ. ಗುಂಡಿನ ತೂತಿಗೆ ಹಾಕಿದ್ದ ದಾರ ಸವೆದಿದೆ, ಹೊಸ ದಾರ ಹಾಕಿಸಿ ತರುತ್ತೇನೆ ಎಂದೆ. ‘ಅದ್ಕೆ ಕುಂದಾಪ್ರಕ್ಕ್ ಹೋಯ್ಕಾ? ನೀನೇ ಹಾಕ್’ ಎಂದಳು. ನೈಲಾನ್ ದಾರ ಬೇಕು, ಇಲ್ಲಿ ಸಿಗುವುದಿಲ್ಲ ಎಂದೆ. ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು ಕೊಟ್ಟಳು. ಕೊಟ್ಟ ಮೇಲೆ ಖಾಲಿ ಸಂಚಿಯ ಬಾಯಿ ಕಟ್ಟಿಟ್ಟಳು. ಐವತ್ತೆರಡು ವರ್ಷದಲ್ಲಿ ಅದು ಅವಳ ಕೈ ಬಿಟ್ಟು ಹೋದದ್ದು ಇದೇ ಮೊದಲು.

ಹದಿನೈದು ದಿನ ಎಂದಿದ್ದೀಯ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಸುಗುಣ

ಗುಲ್ವಾಡಿ
20 ಡಿಸೆಂಬರ್ 2024

ಸುಧಾಕರ,

ಇದು ಮೂರನೆಯ ಕಾಗದ. ಹಿಂದಿನೆರಡು ಕಾರ್ಡು ತಲುಪಿವೆಯೋ ಇಲ್ಲವೋ ತಿಳಿಯದು. ರಿಜಿಸ್ಟರ್ ತಲುಪಿದ್ದು ಗೊತ್ತಿದೆ, ನಿನ್ನ ಸಹಿಯಿರುವ ರಸೀತಿ ನನ್ನ ಹತ್ತಿರ ಇದೆ. ನೋಡು, ಒಂದಕ್ಕಾದರೂ ಸಹಿ ಮಾಡಿದ್ದೀಯ.

ಮೋಕ್ಷಿತಾಳ ಅವಧಿ ಮುಗಿಯಲು ಹನ್ನೊಂದು ದಿನ ಉಳಿದಿದೆ. ನೀನು ರಜೆಯಲ್ಲಿದ್ದೀಯ ಎಂದು ಆಫೀಸಿನವರು ಹೇಳಿ ಕಳಿಸುತ್ತಿದ್ದಾರಂತೆ. ಅಮ್ಮ ದಿನಕ್ಕೊಂದು ಸಲ ‘ಹ್ವಾಯ್, ದಾರ ಸಿಕ್ಕಿತಾ?’ ಎಂದು ಕೇಳುತ್ತಾಳೆ. ನಾನು ಅಂಗಡಿ ಬಾಗಿಲು ಹಾಕಿದೆ ಎನ್ನುತ್ತೇನೆ, ಒಳ್ಳೆಯ ದಾರ ಬಂದಿಲ್ಲ ಎನ್ನುತ್ತೇನೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಲು ಕಲಿಸಿದೆ ನನಗೆ.

ಹುಡುಗಿಗೆ ಸಹಿ ಹಾಕು. ಗುಂಡು ವಾಪಸು ಕಳಿಸು. ಬಂಗುಡೆ ಸಾರು ಬೇಡ, ನೀನು ಬರುವುದೂ ಬೇಡ.

ಸುಗುಣ

ಬ್ರಹ್ಮಾವರ
11 ಫೆಬ್ರವರಿ 2025

ಪ್ರಿಯ ಸುಗುಣಾ,

ಈ ಕಾಗದ ಹೊಸ ಮನೆಯಿಂದ ಬರೆಯುತ್ತಿದ್ದೇನೆ. ನಿವೃತ್ತಿಯ ಮುಂಚೆ ಉಳಿದ ರಜೆ ತೆಗೆದುಕೊಂಡು ಇಲ್ಲಿಗೆ ಬಂದುಬಿಟ್ಟೆ. ಕೊನೆಗೂ ಊರ ಕಡೆಯ ಗಾಳಿ.

ಇದರೊಂದಿಗೆ ನನ್ನ ಹೊಸ ಲೇಖನದ ಒಂದು ಪ್ರತಿ ಇಟ್ಟಿದ್ದೇನೆ. ಜನವರಿ ಸಂಚಿಕೆಯಲ್ಲಿ ಬಂದಿದೆ. ನನ್ನ ಹಳೆಯ ಕಾಲನಿರ್ಣಯವನ್ನು ನಾನೇ ಹಿಂತೆಗೆದುಕೊಂಡಿದ್ದೇನೆ. ಇಂಥ ಧೈರ್ಯ ನಮ್ಮ ಕ್ಷೇತ್ರದಲ್ಲಿ ಅಪರೂಪ ಎಂದು ಹಲವರು ಫೋನ್ ಮಾಡಿದರು. ನನ್ನ ಅಭಿನಂದನ ಗ್ರಂಥದಲ್ಲಿ ಇದನ್ನೇ ಮೊದಲ ಲೇಖನವಾಗಿ ಹಾಕುತ್ತಾರಂತೆ. ಪತ್ರಿಕೆಯೊಂದು ‘ತನ್ನ ತಪ್ಪನ್ನು ತಾನೇ ಅಗೆದು ತೆಗೆದ ವಿದ್ವಾಂಸ’ ಎಂದು ಬರೆಯಿತು, ಸ್ವಲ್ಪ ಅತಿಯಾಯಿತು. ಇದೆಲ್ಲ ನಿನ್ನಿಂದಲೇ ಆದದ್ದು, ನಾನದನ್ನು ಮರೆತಿಲ್ಲ. ನಿನ್ನ ಹೆಸರು ಎಲ್ಲೂ ಬರದಂತೆ ನಾನೇ ಎಚ್ಚರ ವಹಿಸಿದೆ. ನಿಮ್ಮ ಮನೆಯ ವಿಷಯ ಹತ್ತು ಜನರ ಬಾಯಿಗೆ ಬೀಳಬಾರದಲ್ಲ.

ಮೋಕ್ಷಿತಾಳ ವಿಷಯದಲ್ಲಿ ಬೇಸರವಿದೆ. ಫಲಿತಾಂಶ ಈಗ ಪ್ರಕಟವಾಗಿರುವುದರಿಂದ ಅವಳ ಪ್ರಬಂಧದಲ್ಲಿ ಹೊಸತೇನೂ ಉಳಿಯಲಿಲ್ಲ ಎಂದು ಸಮಿತಿಯವರು ಹೇಳಿದರು. ಅವಧಿಯೂ ಮುಗಿದಿದೆ. ಬೇರೆ ವಿಷಯ ಆಯ್ದುಕೊಂಡು ಹೊಸದಾಗಿ ನೋಂದಾಯಿಸಿದರೆ ನಾನೊಂದು ಶಿಫಾರಸು ಪತ್ರ ಕೊಡುತ್ತೇನೆ. ಪ್ರಯೋಗಾಲಯದ ಕೆಲಸದಲ್ಲಿ ನೆರವಾದವರ ಸಾಲಿನಲ್ಲಿ ಅವಳ ಹೆಸರು ಹಾಕಿದ್ದೇನೆ, ನೋಡು.

ಆ ಗುಂಡಿನ ಮಾತು. ಅದನ್ನು ಲೇಖನದಲ್ಲಿ ಬಳಸಿದ್ದರಿಂದ ವಿಭಾಗದ ವಸ್ತುಸಂಗ್ರಹಾಲಯದ ರಿಜಿಸ್ಟರಿನಲ್ಲಿ ದಾಖಲು ಮಾಡಲೇಬೇಕಾಯಿತು. ಈಗ ನಲವತ್ತಮೂರೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿವೆ. ದಾಖಲಾದ ವಸ್ತುವನ್ನು ಹೊರಗೆ ಕೊಡುವ ಅಧಿಕಾರ ನನಗೂ ಇಲ್ಲ. ಆದರೆ ಯೋಚಿಸು, ಅಮ್ಮನವರ ಎಲೆ ಸಂಚಿಯಲ್ಲಿ ಇದ್ದಿದ್ದರೆ ಒಂದಲ್ಲ ಒಂದು ದಿನ ಕಳೆದುಹೋಗುತ್ತಿತ್ತು. ಈಗ ಅದು ಶಾಶ್ವತ.

ಅಮ್ಮನವರಿಗೆ ನಮಸ್ಕಾರ ತಿಳಿಸು.

ವಿಶ್ವಾಸದ
ಸುಧಾಕರ

ಗುಲ್ವಾಡಿ
16 ಮಾರ್ಚ್ 2025

ಡಾ. ಸುಧಾಕರ ಅವರಿಗೆ,

ಇನ್ನು ನಿಮ್ಮನ್ನು ಬಹುವಚನದಲ್ಲೇ ಮಾತನಾಡಿಸುತ್ತೇನೆ. ಏಕವಚನಕ್ಕೆ ಸ್ವಲ್ಪವಾದರೂ ಪರಿಚಯ ಬೇಕು.

ನಿಮ್ಮ ಲೇಖನವನ್ನು ಮೂರು ಸಲ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಹೊಟ್ಟು, ಗೆರಟೆ, ಜೇಡಿಮಣ್ಣು ಎಲ್ಲವೂ ಇವೆ. ಅಮ್ಮ ಕೈಯಿಂದಲೇ ಮಣ್ಣು ಬಗೆದಳೆಂಬುದೂ ಇದೆ. ಉಲ್ಲೇಖದಲ್ಲಿ ನನಗೊಂದು ಹೆಸರೂ ಕೊಟ್ಟಿದ್ದೀರಿ: ‘ಮಾಹಿತಿದಾರೆ (ಸ್ತ್ರೀ, 61).’ ನನ್ನ ಕಾಗದದ ಸಾಲುಗಳನ್ನು ಎತ್ತಿ ಅದರ ಮುಂದೆ ಇಟ್ಟಿದ್ದೀರಿ. ಕಾಗದದಲ್ಲಿ ಬರೆದರೆ ನನ್ನ ಮಾತು ನಾನು ಇಟ್ಟಲ್ಲೇ ಇರುತ್ತದೆಂದು ಜುಲೈಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಮೋಕ್ಷಿತಾ ನಿಮ್ಮ ಶಿಫಾರಸು ಪತ್ರ ತೆಗೆದುಕೊಳ್ಳುವುದಿಲ್ಲ. ಬ್ರಹ್ಮಾವರದಲ್ಲಿ, ನಿಮ್ಮ ಹೊಸ ಮನೆಯಿಂದ ಹೆಚ್ಚು ದೂರವೇನಲ್ಲ, ಒಂದು ಟ್ಯೂಷನ್ ಸೆಂಟರಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಾಳೆ. ರಸ್ತೆಯಲ್ಲಿ ಎದುರಾದರೆ ಮಾತನಾಡಿಸಬೇಡಿ. ಅವಳು ನಮಸ್ಕಾರ ಮಾಡುವ ಹುಡುಗಿ, ಮಾಡಿಬಿಡುತ್ತಾಳೆ.

ನನಗೆ ಉರಿದದ್ದು ಇನ್ನೊಂದು ಸಾಲಿಗೆ. ಆರನೆಯ ಪ್ರಶ್ನೆಗೆ ಇದು ಪದ್ಧತಿಯಲ್ಲ, ಅಮ್ಮ ಒಬ್ಬಳೇ ಮಾಡಿದ್ದು, ಎರಡು ಸಲ ಓದು ಎಂದು ಬರೆದಿದ್ದೆ. ನೀವು ‘ಕರಾವಳಿಯ ಮೀನುಗಾರ ಸಮುದಾಯಗಳಲ್ಲಿ ಇತ್ತೀಚಿನವರೆಗೂ ರೂಢಿಯಲ್ಲಿದ್ದ ಶವಸಂಸ್ಕಾರದ ಆಚರಣೆ’ ಎಂದು ಬರೆದಿದ್ದೀರಿ. ಆಗ ನಲವತ್ತೆರಡು ಗುಂಡು ಸಿಕ್ಕಿದ್ದಕ್ಕೆ ಒಂದು ಬಂದರು ಕಟ್ಟಿದಿರಿ. ಈಗ ಒಬ್ಬ ಹೆಂಗಸು ಸಿಕ್ಕಿದ್ದಕ್ಕೆ ಒಂದು ಸಂಪ್ರದಾಯವನ್ನೇ ಕಟ್ಟಿದಿರಿ. ನಿಮಗೆ ಒಂದು ಎಂದರೆ ಒಂದೇ ಎಂದು ಯಾರೂ ಕಲಿಸಲಿಲ್ಲವೆ?

ಏಳನೆಯ ಪ್ರಶ್ನೆಯನ್ನು ನಾನು ಖಾಲಿ ಬಿಟ್ಟಿದ್ದೆ. ಅದನ್ನು ನೀವೇ ತುಂಬಿಕೊಂಡಿದ್ದೀರಿ: ‘ಮೃತನ ಆತ್ಮ ಮನೆಗೆ ಮರಳಿ ಬಾರದಿರಲಿ ಎಂಬ ನಂಬಿಕೆಯೇ ಇದಕ್ಕೆ ಕಾರಣವಾಗಿರಬೇಕು.’

ಈಗ ಉತ್ತರ ಹೇಳುತ್ತೇನೆ. ಇದನ್ನೂ ಅಚ್ಚು ಹಾಕಿಸಿ.

ನನ್ನ ಅಪ್ಪಯ್ಯ ಸೂರ 1972ರ ಸೆಪ್ಟೆಂಬರಿನಲ್ಲಿ ಗಂಗೊಳ್ಳಿಯಿಂದ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋದರು. ಅವರದೇ ಬೀಸುಬಲೆ ಹೊಳೆಯ ಮೀನಿಗೆ, ಅದು ಮನೆಯ ಮಾಡಿಗೆ ತೂಗುತ್ತಿತ್ತು. ದೋಣಿ ಮಗುಚಿತು. ಮೂವರು ಈಜಿ ಬಂದರು, ಇಬ್ಬರ ಹೆಣ ಸಿಕ್ಕಿತು. ಅಪ್ಪಯ್ಯನದು ಸಿಗಲಿಲ್ಲ. ಅಮ್ಮ ದಿನಾ ಮರವಂತೆಯವರೆಗೆ ದಡದುದ್ದಕ್ಕೆ ನಡೆದು ಹೋಗಿ ನೋಡಿ ಬರುತ್ತಿದ್ದಳು. ನಲವತ್ತು ದಿನ ಹೋದಳು. ನಲವತ್ತೊಂದನೆಯ ದಿನ ಮಾಡಿಗೆ ತೂಗುತ್ತಿದ್ದ ಬಲೆಯನ್ನು ಇಳಿಸಿ ಕತ್ತಿಯಿಂದ ಒಂದೊಂದೇ ಗುಂಡನ್ನು ಬಿಡಿಸಿದಳು. ಅಪ್ಪಯ್ಯನ ಕೈಯ ಅಚ್ಚು ಉಳಿದಿದ್ದುದು ಅವುಗಳಲ್ಲಿ ಮಾತ್ರ. ‘ಅವ್ರ್ ಬಂದ್ರೆ ಅವ್ರಿಗೊಂದ್ ಜಾಗ ಬೇಕಲ್ದಾ’ ಎಂದು ದಂಡೆಗೆ ಒಯ್ದು ಹೂತಳು. ಬಾರದಿರಲಿ ಎಂದಲ್ಲ, ಬರಲಿ ಎಂದು. ನೀವು 1990ರಲ್ಲಿ ಅಗೆದದ್ದು ಬಂದರನ್ನಲ್ಲ, ನನ್ನ ಅಪ್ಪಯ್ಯನ ಗೋರಿಯನ್ನು. ಅದರ ಮಣ್ಣು ತೆಗೆಯಲು ಗುದ್ದಲಿ ಇಟ್ಟುಕೊಂಡದ್ದು ಅವರದೇ ಮನೆಯಲ್ಲಿ.

ಇದನ್ನು ನಿಮಗೆ 1993ರಲ್ಲೂ ಬರೆದಿರಲಿಲ್ಲ, ಹೋದ ವರ್ಷವೂ ಬರೆಯಲಿಲ್ಲ. ಇದನ್ನು ಹೇಳದೆಯೇ ನೀವು ಸತ್ಯವನ್ನು ಒಪ್ಪಬೇಕೆಂದು ನನಗಿತ್ತು. ನಮ್ಮ ದುಃಖ ತೋರಿಸಿ ನಿಮ್ಮಿಂದ ಒಂದು ಸಹಿ ಬೇಡುವುದು ನನಗೆ ಬೇಕಿರಲಿಲ್ಲ.

ಗುಂಡನ್ನು ಇನ್ನು ಕೇಳುವುದಿಲ್ಲ. ಹೋದ ವಾರ ನಾನೇ ಕಡವಿಗೆ ಇಳಿದು ಜೇಡಿಮಣ್ಣು ತಂದೆ. ಅಪ್ಪಯ್ಯನ ಹಾಗೆಯೇ ಉಂಡೆ ಕಟ್ಟಿ, ತೂತು ಮಾಡಿ, ಅಳತೆಗೆ ನಿಮ್ಮ ಲೇಖನದ ಚಿತ್ರ ಇಟ್ಟುಕೊಂಡು, ಅದೇ ಜಾಗದಲ್ಲಿ ಮೂರು ಉಗುರು ಒತ್ತಿದೆ. ಗೆರಟೆ, ಹೊಟ್ಟು ಹಾಕಿ ಸುಟ್ಟೆ. ಹುಣಸೆ ನೀರು, ಎಣ್ಣೆ ಸವರಿ ತಿಕ್ಕಿ ತಿಕ್ಕಿ ಹಳೆಯದು ಮಾಡಿದೆ. ಹೊಸ ನೈಲಾನ್ ದಾರ ಪೋಣಿಸಿದೆ. ನೀವು ನೋಡಿದ್ದರೆ ಅದಕ್ಕೊಂದು ಸಾವಿರ ವರ್ಷ ಕೊಡುತ್ತಿದ್ದಿರಿ.

ನಿನ್ನೆ ಸಂಜೆ ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿರುವಾಗ ‘ದಾರ ಸಿಕ್ತ್ ಕಾಣ್’ ಎಂದು ಅವಳ ಕೈಯಲ್ಲಿಟ್ಟೆ. ಅವಳ ಮುಖ ಅರಳಿತು. ಒಂದು ಸಲ ತಿರುಗಿಸಿದಳು. ಹೆಬ್ಬೆರಳನ್ನು ಆ ಮೂರು ಗೆರೆಗಳ ಮೇಲೆ ಇಟ್ಟಳು. ಆಮೇಲೆ ಅದನ್ನು ನನ್ನ ಕಡೆಗೆ ಚಾಚಿದಳು.

‘ಇದ್ ನಮ್ದಲ್ಲ ಹೆಣ್ಣೆ. ಇದ್ರ್ ಮೇಲೆ ದೊಡ್ಡವ್ರ್ ಉಗ್ರ್ ಇತ್ತ್.’

ನೀವು ಮೂವತ್ತು ವರ್ಷ ಭೂತಗನ್ನಡಿಯಲ್ಲಿ ನೋಡಿ ಕಾಣದ್ದನ್ನು ಕಣ್ಣಿಲ್ಲದವಳು ಒಂದು ಬೆರಳಿನಲ್ಲಿ ಕಂಡಳು. ನೆನಪು ಪುರಾವೆಯಲ್ಲ ಎಂದಿದ್ದಿರಿ. ನಾನು ಆ ಗುಂಡನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ಖಾಲಿ ಸಂಚಿಯನ್ನು ಮಡಿಲಿಗೆ ಎಳೆದುಕೊಂಡು, ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದಳು:

‘ಅವ್ರನ್ನ ಯಾರಿಗ್ ಕೊಟ್ಟೆ?’

ನಿಮ್ಮ ಹೆಸರು ಹೇಳಿದೆ. ಅಮ್ಮನಿಗೆ ನಿಮ್ಮ ನೆನಪಿದೆ. ‘ಆ ಸೈಕಲ್ ಹುಡ್ಗನಾ? ಅವ ಒಳ್ಳೆಯವ. ಕೇಂಡ್ರೆ ಕೊಡ್ತ’ ಎಂದಳು. ಇವತ್ತು ಬೆಳಗ್ಗಿನಿಂದ ಜಗಲಿಯಲ್ಲಿ ರಸ್ತೆಯ ಕಡೆ ಕಿವಿ ಕೊಟ್ಟು ಕುಳಿತಿದ್ದಾಳೆ.

ಇಂತಿ
ಮಾಹಿತಿದಾರೆ (ಸ್ತ್ರೀ, 61)